ಎರಡು ತುದಿಯ ಆಲ್ಬನ್

ಆಲ್ಬನ್ ಥ್ವೇಟ್ ಸತ್ತದ್ದು ತನ್ನ ತಂಡಕ್ಕೆ ಪೆನಾಲ್ಟಿ ಸಿಕ್ಕಿದ್ದಕ್ಕೂ ಅದನ್ನು ಒದ್ದದ್ದಕ್ಕೂ ನಡುವೆ. ರೆಫರಿ ಸಿಳ್ಳೆ ಊದಿ ಕೈ ತೋರಿಸಿದ, ಗೋಲಿನ ಹಿಂದೆ ಜನರ ನಡುವೆ ನಿಂತಿದ್ದ ಆಲ್ಬನ್ ಸಂತೋಷದಿಂದ ಎರಡೂ ಕೈ ಮೇಲೆತ್ತಿದ, ಕೈಗಳು ಕೆಳಗಿಳಿಯುವಾಗ ಅವನೂ ಅವುಗಳ ಜೊತೆಗೇ ಇಳಿದ. ಕ್ರಾಗ್‌ಡೆನ್ ರೋವರ್ಸ್‌ನ ಆಟಗಾರ ಆ ಪೆನಾಲ್ಟಿಯನ್ನು ಗೋಲು, ಗೋಡೆ ಎರಡರ ಮೇಲಿಂದಲೂ ಹಾರಿಸಿ ಕಾಲುವೆಗೆ ಹಾಕಿದ. ಚೆಂಡು ತೇಲುತ್ತಾ ಆರು ಮೈಲಿ ಆಚೆಯ ರಾಮ್ಸ್‌ಲಿ ಊರು ಸೇರಿತೆಂದೂ, ಅಲ್ಲಿನ ತಂಡ ಅದೇ ಚೆಂಡಿನಲ್ಲಿ ಆಡಿ ಮುಂದಿನ ಶನಿವಾರ ಗೆದ್ದಿತೆಂದೂ ಜನ ಈಗಲೂ ಹೇಳುತ್ತಾರೆ. ತಮ್ಮ ನಾರ್ಮನ್ ಮಾತ್ರ ಅಣ್ಣನ ಕಿವಿಯ ಹತ್ತಿರ ಬಗ್ಗಿ, "ಗೋಲಾಯ್ತು ಕಣಣ್ಣ" ಎಂದ. ಅಣ್ಣನಿಗಾಗಿ ಅವನು ಹೇಳಿದ ಮೊದಲ ಸುಳ್ಳು ಅದು. ಎರಡನೆಯದಕ್ಕೆ ಹತ್ತೊಂಬತ್ತು ವರ್ಷ ಹಿಡಿಯಿತು.

ಕ್ರಾಗ್‌ಡೆನ್ ಆಡುವುದು ಏಳನೇ ದರ್ಜೆಯ ಲೀಗಿನಲ್ಲಿ. ನಾಯಿಗಳನ್ನೂ ಎಣಿಸಿದರೆ ಮುನ್ನೂರು ಜನ ಬರುತ್ತಾರೆ. ಮೈದಾನದ ಎರಡು ತುದಿಯಲ್ಲೂ, ಗೋಲಿನ ಹಿಂದೆ, ನಿಂತು ನೋಡಲು ಕಾಂಕ್ರೀಟಿನ ಮೆಟ್ಟಿಲುಗಳು. ಒಂದು ಕಾಲುವೆ ತುದಿ, ಇನ್ನೊಂದು ಗಿರಣಿ ತುದಿ. ತಮ್ಮ ತಂಡ ಯಾವ ಗೋಲಿಗೆ ದಾಳಿ ಮಾಡುತ್ತದೋ ಆ ಗೋಲಿನ ಹಿಂದೆ ನಿಲ್ಲುವುದು ಅಲ್ಲಿನ ಪದ್ಧತಿ. ವಿರಾಮದಲ್ಲಿ ತಂಡಗಳು ದಿಕ್ಕು ಬದಲಿಸಿದಾಗ ಜನವೂ ಚಹಾದ ಲೋಟ ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯುತ್ತದೆ. ಎದುರಾಳಿಗಳ ಜನ ಅದೇ ದಾರಿಯಲ್ಲಿ ಎದುರಿಗೆ ಬರುತ್ತಾರೆ. ನಡುದಾರಿಯಲ್ಲಿ ಎರಡು ನಿಮಿಷ ಒಬ್ಬರ ತಾಯಂದಿರನ್ನು ಇನ್ನೊಬ್ಬರು ವಿಚಾರಿಸಿಕೊಂಡು ಮುಂದೆ ಹೋಗುತ್ತಾರೆ.

ಸತ್ತ ಬೆಂಬಲಿಗರ ಬೂದಿಯನ್ನು ಹುಲ್ಲಿನ ಮೇಲೆ ಚೆಲ್ಲಲು ಮೈದಾನ ನೋಡಿಕೊಳ್ಳುವವನು ಬಿಡುತ್ತಿರಲಿಲ್ಲ. ಸತ್ತವರಿಂದ ಹುಲ್ಲು ಹಳದಿಯಾಗುತ್ತದೆ ಎನ್ನುವುದು ಅವನ ಅನುಭವ. ಹಾಗಾಗಿ ಪ್ರತಿ ಬೇಸಿಗೆಯಲ್ಲಿ ಬೆಂಬಲಿಗರೇ ಸೇರಿ ಬಿರುಕುಬಿಟ್ಟ ಮೆಟ್ಟಿಲುಗಳನ್ನು ರಿಪೇರಿ ಮಾಡುವಾಗ ಸಿಮೆಂಟು, ಮರಳು, ಜಲ್ಲಿಯ ಜೊತೆಗೆ ಆ ವರ್ಷ ತೀರಿಕೊಂಡವರನ್ನೂ ಕಲಸಿ ಬಿಡುವುದು ರೂಢಿಯಾಯಿತು. ಗಿರಣಿಯ ಗೋಡೆಯ ನೆರಳಿನಲ್ಲಿ ಸತ್ತವರಿಗೆ ಚಳಿಯಾದೀತೆಂದು ಎಲ್ಲರೂ ತಮ್ಮವರನ್ನು ಕಾಲುವೆ ತುದಿಗೇ ಹಾಕಿದರು. ಅಲ್ಲಿ ಆಲ್ಬನ್ ಸೇರಿ ಇಪ್ಪತ್ಮೂರು ಜನರಿದ್ದರು.

ಸರಿಯಾಗಿ ಹೇಳಬೇಕೆಂದರೆ ಇಪ್ಪತ್ತೆರಡೂವರೆ. ನಾರ್ಮನ್ ಬಸ್ ಡ್ರೈವರ್ ಆಗಿದ್ದವನು, ಅರ್ಧ ದಾರಿಯಲ್ಲಿ ಯಾರನ್ನೂ ಇಳಿಸಿ ಗೊತ್ತಿಲ್ಲ. "ಅರ್ಧ ಆಟ ನೋಡಿ ಎದ್ದೋಗೋ ಮನುಷ್ಯ ಅಲ್ಲ ನಮ್ಮಣ್ಣ" ಎಂದು, ಅಡುಗೆಮನೆಯ ತಕ್ಕಡಿಯಲ್ಲಿ ಬೂದಿಯನ್ನು ಸಮ ಪಾಲು ಮಾಡಿ, ಒಂದು ಪಾಲನ್ನು ಕಾಲುವೆ ತುದಿಯ ಒಂಬತ್ತನೇ ಮೆಟ್ಟಿಲಿಗೂ ಇನ್ನೊಂದನ್ನು ಗಿರಣಿ ತುದಿಯ ಒಂಬತ್ತನೇ ಮೆಟ್ಟಿಲಿಗೂ ಕಲಸಿ ಹಾಕಿದ. ಹತ್ತೊಂಬತ್ತು ವರ್ಷ ಪ್ರತಿ ಶನಿವಾರ ಮೊದಲರ್ಧ ಒಬ್ಬ ಅಣ್ಣನ ಪಕ್ಕ, ಎರಡನೆಯರ್ಧ ಇನ್ನೊಬ್ಬ ಅಣ್ಣನ ಪಕ್ಕ ನಿಂತ.

"ಕಣ್ಣಿರೋ ಅರ್ಧ ಯಾವ ಕಡೆ ಹಾಕ್ದೆ ನಾರ್ಮನ್?" ಎಂದು ಕೆನೆಲ್ಮ್ ಓಲ್ಡ್‌ರಾಯ್ಡ್ ಕೇಳುತ್ತಿದ್ದ. ನಾರ್ಮನ್‌ನ ಪಕ್ಕದಲ್ಲಿ ನಲವತ್ತು ವರ್ಷ ನಿಂತ ಗೆಳೆಯ ಅವನು. ಅವನ ಹೆಂಡತಿ ಎಡ್ನಾ ಕಾಲುವೆ ತುದಿಯ ಆರನೇ ಮೆಟ್ಟಿಲಿನಲ್ಲಿದ್ದಳು.

"ಬಾಯಿರೋ ಅರ್ಧ ಆ ಕಡೇಗೇ ಇರ್ಲಿ ಚಿನ್ನ. ನನ್ನ ಅಂಗಡಿ ಹತ್ರ ಬೇಡ" ಎನ್ನುತ್ತಿದ್ದಳು ಮ್ಯೂರಿಯಲ್. ಗಿರಣಿ ತುದಿಯ ಹಿಂದಿದ್ದ ಚಹಾದ ಗೂಡು ಅವಳದು. ಅವಳು ಎಲ್ಲರನ್ನೂ ಚಿನ್ನ ಎನ್ನುತ್ತಿದ್ದಳು. ದ್ವೇಷಿಸುವವರನ್ನು ಸ್ವಲ್ಪ ಹೆಚ್ಚು ಸಲ.

ಹೀಗಿರುವಾಗ ಕ್ಲಬ್ಬನ್ನು ಜೂಲಿಯನ್ ಬ್ರೇಸ್‌ವೆಲ್ ಕೊಂಡ. ಕಮೋಡು ಮಾರಿ ಮೇಲೆ ಬಂದ ಮನುಷ್ಯ. ಊರಿನ ಅರ್ಧ ಜನ ಪ್ರತಿ ಬೆಳಿಗ್ಗೆ ಅವನ ಹೆಸರಿನ ಮೇಲೆಯೇ ಕೂರುತ್ತಿದ್ದರು. ಕಾಲುವೆ ತುದಿಯನ್ನು ಕೆಡವಿ, ಒಂಬೈನೂರು ಕುರ್ಚಿಯ ಹೊಸ ಸ್ಟ್ಯಾಂಡ್ ಕಟ್ಟಿ, ತಂಡವನ್ನು ಆರನೇ ದರ್ಜೆಗೆ ಏರಿಸುವುದಾಗಿ ಹೇಳಿದ. ಆದರೆ ಕಾಲುವೆ ತುದಿಯ ಕೆಳಗಿನ ನೆಲ ಬೆಂಬಲಿಗರ ಸಂಘದ್ದು. ಹಿಂದೊಮ್ಮೆ ಕ್ಲಬ್ ಮುಳುಗುವಾಗ ಲಾಟರಿ ಚೀಟಿ ಮಾರಿ ಕೊಂಡದ್ದು. ಎಪ್ಪತ್ತೆಂಟು ಸದಸ್ಯರಲ್ಲಿ ಐವತ್ತೆರಡು ಜನ ಕೈ ಎತ್ತದೆ ಅಲ್ಲಿ ಒಂದು ಇಟ್ಟಿಗೆ ಅಲ್ಲಾಡುವಂತಿಲ್ಲ. ಆ ಸಂಘದ ಅಧ್ಯಕ್ಷ ನಾರ್ಮನ್.

ಬ್ರೇಸ್‌ವೆಲ್ ಹೊಸ ಮೈದಾನದ ರಟ್ಟಿನ ಮಾದರಿಯೊಂದನ್ನು ಮಾಡಿಸಿ ಕ್ಲಬ್ಬಿನ ಬಾರ್‌ನಲ್ಲಿ ಮೇಜಿನ ಮೇಲಿಟ್ಟ. ಬೆರಳುದ್ದದ ಗೊಂಬೆಗಳು ಹೊಸ ಸ್ಟ್ಯಾಂಡಿನಲ್ಲಿ ಸಾಲಾಗಿ ಕೂತಿದ್ದವು. ಕ್ರಾಗ್‌ಡೆನ್‌ನ ಕಡುಗೆಂಪು ಬಣ್ಣ ಬಳಿದಿದ್ದರು. ಊರಿನವರೆಲ್ಲ ಬಗ್ಗಿ ಬಗ್ಗಿ ನೋಡಿದರು.

"ಗಿರಣಿ ತುದೀಲಿ ನಿಂತಿರೋ ಗೊಂಬೆಗೆಲ್ಲ ಹಸಿರು ಬಣ್ಣ ಯಾಕೆ?" ಎಂದು ಮ್ಯೂರಿಯಲ್ ಕೇಳಿದಳು.

"ಕೆಂಪು ಮುಗಿದೋಯ್ತಂತೆ" ಎಂದ ಬ್ರೇಸ್‌ವೆಲ್.

ನಾರ್ಮನ್ ಅಲ್ಲೇ ಇದ್ದ. ಅವನು ಗೊಂಬೆಗಳನ್ನು ನೋಡಲಿಲ್ಲ. ರಟ್ಟಿನ ಕಾಲುವೆ ತುದಿಯಲ್ಲಿ ಒಂಬತ್ತನೇ ಮೆಟ್ಟಿಲು ಎಲ್ಲಿದೆಯೆಂದು ಹುಡುಕುತ್ತಿದ್ದ. ಅಲ್ಲಿ ಮೆಟ್ಟಿಲೇ ಇರಲಿಲ್ಲ.

ಮೂರು ತಿಂಗಳು ಅವನು ಹುಲಿಯಂತೆ ಹೋರಾಡಿದ. ಮಿಕ್ಕ ಇಪ್ಪತ್ತೆರಡು ಮನೆಗಳ ಬಾಗಿಲು ತಟ್ಟಿದ. "ನಮ್ಮೋರ ಮೇಲೆ ಬುಲ್ಡೋಜರ್ ಹತ್ತೋದಾದ್ರೆ ಮೊದಲು ನನ್ನ ಮೇಲೆ ಹತ್ತಲಿ" ಎಂದ. ಓಲ್ಡ್‌ರಾಯ್ಡ್ ಅದನ್ನು ಹಳೆಯ ಹಾಸಿಗೆ ಬಟ್ಟೆಯ ಮೇಲೆ ಬರೆದು ಕಾಲುವೆ ತುದಿಯ ಕಂಬಿಗೆ ಕಟ್ಟಿದ. ಅಕ್ಷರ ದೊಡ್ಡದಾಗಿ ಬರೆದದ್ದರಿಂದ "ಹತ್ತಲಿ"ಗೆ ಜಾಗ ಸಾಲದೆ ದಿಂಬಿನ ಚೀಲವೊಂದನ್ನು ಸೇರಿಸಿ ಹೊಲಿಯಬೇಕಾಯಿತು.

ಮಹಾಸಭೆಗೆ ಮೂರು ದಿನ ಇರುವಾಗ ಬ್ರೇಸ್‌ವೆಲ್ ನಾರ್ಮನ್‌ನ ಮನೆಗೆ ಬಂದ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲು ಬಾಯಿಗಿಟ್ಟುಕೊಂಡ. ಅಂಥ ಮನುಷ್ಯ.

"ನಿಮ್ಮಣ್ಣ ಎರಡು ಕಡೆ ಹಂಚಿಹೋಗಿದಾರಂತೆ" ಎಂದ.

"ಹೌದು."

"ಬೇಜಾರಾಗಲ್ವಾ?"

"ಯಾರಿಗೆ?"

"ಅವರಿಗೆ. ಹತ್ತೊಂಬತ್ತು ವರ್ಷ ಅರ್ಧರ್ಧ. ನಾನೊಂದು ಮಾತು ಹೇಳ್ಲಾ ನಾರ್ಮನ್ ಅವ್ರೇ? ವಜ್ರದ ಹಲ್ಲಿನ ಗರಗಸ ಇರುತ್ತೆ. ಬೆಣ್ಣೆ ಕೊಯ್ದಂಗೆ ಕೊಯ್ಯುತ್ತೆ. ನಿಮ್ಮ ಒಂಬತ್ತನೇ ಮೆಟ್ಟಿಲ ತುಂಡನ್ನ ಹಾಗೇ ಇಡಿಯಾಗಿ ಎತ್ತಿ ಗಿರಣಿ ತುದೀಲಿ ಇನ್ನೊಂದು ಅರ್ಧದ ಪಕ್ಕ ಕೂರಿಸ್ತೀನಿ. ಹಿತ್ತಾಳೆ ಫಲಕ ಹಾಕಿಸ್ತೀನಿ. ಗಿರಣಿ ತುದಿ ಯಾರೂ ಮುಟ್ಟಲ್ಲ, ಬರೆದುಕೊಡ್ತೀನಿ."

ನಾರ್ಮನ್ ತನ್ನ ಲೋಟ ಕೆಳಗಿಟ್ಟ. "ಮಿಕ್ಕ ಇಪ್ಪತ್ತೆರಡು ಜನ?"

"ಒಂದೇ ಗರಗಸ" ಎಂದ ಬ್ರೇಸ್‌ವೆಲ್.

ಸಭೆಯ ದಿನ ಬಾರ್‌ನಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಲ್ಡ್‌ರಾಯ್ಡ್ ಮೊದಲ ಸಾಲಿನಲ್ಲಿ ಕೂತಿದ್ದ. ಹಾಸಿಗೆ ಬಟ್ಟೆಯನ್ನು ಮಡಿಸಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ನಾರ್ಮನ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಕಾಲ ಬದಲಾಗುತ್ತದೆ, ಕುರ್ಚಿಯೂ ಬೇಕಾಗುತ್ತದೆ, ನಮ್ಮ ಮಂಡಿಗಳೂ ಮೊದಲಿನಂತಿಲ್ಲ ಎಂದ. ಮೊದಮೊದಲು ಜನ ಇದು ತಮಾಷೆಯೆಂದು ನಕ್ಕರು. ನಗು ಒಂದೊಂದೇ ಸಾಲಿನಿಂದ ಹಿಂದಕ್ಕೆ ಆರುತ್ತಾ ಹೋಯಿತು.

"ಮತ್ತೆ ನನ್ನ ಎಡ್ನಾ?" ಎಂದ ಓಲ್ಡ್‌ರಾಯ್ಡ್. ಜೋರಾಗಿ ಕೇಳಲಿಲ್ಲ.

ಇದಕ್ಕೆ ಏನು ಹೇಳಬೇಕೆಂದು ನಾರ್ಮನ್ ಮೂರು ದಿನ ಯೋಚಿಸಿದ್ದ. ಯೋಚಿಸಿದ್ದೆಲ್ಲ ಆ ಗಳಿಗೆಗೆ ಮರೆತುಹೋಗಿ, ಉಳಿದ ಒಂದೇ ಮಾತು ಬಾಯಿಗೆ ಬಂತು. "ಎಡ್ನಾಗೆ ಫುಟ್‌ಬಾಲ್ ಇಷ್ಟಾನೇ ಇರ್ಲಿಲ್ಲ ಕೆನೆಲ್ಮ್. ನಿನ್ನ ಜೊತೆ ಬರ್ತಿದ್ಲು, ಅಷ್ಟೇ."

ನಿಜವಾದ ಮಾತು. ಅದಕ್ಕೇ ಯಾರೂ ಅದನ್ನು ಅದುವರೆಗೆ ಆಡಿರಲಿಲ್ಲ.

ಕುರ್ಚಿಯ ಆಸೆಗೋ ಆರನೇ ದರ್ಜೆಯ ಆಸೆಗೋ ಕೈಗಳು ಎದ್ದವು. ಐವತ್ತೊಂದು. ಎಲ್ಲರೂ ನಾರ್ಮನ್‌ನ ಕಡೆ ತಿರುಗಿದರು. ಅವನು ಬಸ್ಸಿನಲ್ಲಿ ಮುಂದಿನ ನಿಲ್ದಾಣಕ್ಕೆ ಗಂಟೆಯ ಹಗ್ಗ ಎಳೆಯುವವನಂತೆ ಕೈ ಎತ್ತಿದ. ಐವತ್ತೆರಡು.

ಬ್ರೇಸ್‌ವೆಲ್ ಕೊಟ್ಟ ಮಾತಿಗೆ ಒಂದಿಷ್ಟೂ ತಪ್ಪಲಿಲ್ಲ. ಅವನ ವಿಷಯದಲ್ಲಿ ಭಯಪಡಬೇಕಾದದ್ದೇ ಅದು. ಗರಗಸ ಬಂತು, ಬೆಣ್ಣೆಯಂತೆ ಕೊಯ್ಯಿತು. ಫ್ರಿಜ್ಜಿನ ಗಾತ್ರದ ಕಾಂಕ್ರೀಟ್ ತುಂಡನ್ನು ಒಂದು ಗಾಡಿ ಎತ್ತಿಕೊಂಡು ಮೈದಾನದ ನಟ್ಟನಡುವೆ ಹಾದುಹೋಯಿತು. ನಾರ್ಮನ್ ಕರಿಯ ಕೋಟು ಹಾಕಿ ಹಿಂದೆ ನಡೆದ. ಮೈದಾನ ನೋಡಿಕೊಳ್ಳುವವನು ಅವನ ಹಿಂದೆ ಚಕ್ರದ ಗುರುತುಗಳನ್ನು ಬೈಯುತ್ತಾ ನಡೆದ. ಮೆರವಣಿಗೆಯಲ್ಲಿ ಇದ್ದವರು ಇಷ್ಟೇ. ಗಿರಣಿ ತುದಿಯಲ್ಲಿ ಎರಡು ಅರ್ಧಗಳ ನಡುವಿನ ಸಂದಿಗೆ ನಾರ್ಮನ್ ತಾನೇ ಸಿಮೆಂಟು ಕಲಸಿ ಬೆರಳಿನಿಂದ ತುಂಬಿದ. ಹತ್ತೊಂಬತ್ತು ವರ್ಷದ ಮೇಲೆ ಅಣ್ಣ ಇಡಿಯಾದ. ಹಿತ್ತಾಳೆ ಫಲಕ ಹೊಳೆಯಿತು: ಆಲ್ಬನ್ ಥ್ವೇಟ್, ಎರಡೂ ಅರ್ಧ ನೋಡಿದವನು.

ಅದೇ ಹೊತ್ತಿಗೆ ಮೈದಾನದ ಆ ಬದಿಯಲ್ಲಿ ಮಿಕ್ಕವರನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡುತ್ತಿದ್ದರು. ಓಲ್ಡ್‌ರಾಯ್ಡ್ ಒಂದು ಬಕೆಟ್ಟು ಹಿಡಿದು ಬೇಲಿಯ ಹತ್ತಿರ ಬಂದು, ಆರನೇ ಮೆಟ್ಟಿಲಿನದು ಒಂದು ಬಕೆಟ್ಟಿನಷ್ಟು ಸಿಗಬಹುದೇ ಎಂದು ಕೇಳಿದ. ತಲೆಗೆ ಹೆಲ್ಮೆಟ್ ಇಲ್ಲದೆ ಒಳಗೆ ಬಿಡುವಂತಿಲ್ಲ ಎಂದರು. ಮರುದಿನ ಹೆಲ್ಮೆಟ್ ಹಾಕಿ ಬಂದ. ಅಷ್ಟರಲ್ಲಿ ಎಲ್ಲ ಮೆಟ್ಟಿಲೂ ಒಂದೇ ಗುಡ್ಡೆಯಾಗಿತ್ತು. ಅವನು ಗುಡ್ಡೆಯ ಮುಂದೆ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತ. ಆಗ ಅವನನ್ನು ಹೊರಗೆ ಕಳಿಸಿದರು, ಹೆಲ್ಮೆಟ್ ತೆಗೆದದ್ದಕ್ಕೆ.

ಆದರೆ ಜಲ್ಲಿ ದುಬಾರಿ, ಬ್ರೇಸ್‌ವೆಲ್ ಜಿಪುಣ. ಆ ಗುಡ್ಡೆಯನ್ನು ಊರಾಚೆ ಸಾಗಿಸುವ ಬದಲು ಅಷ್ಟನ್ನೂ ಹೊಸ ಸ್ಟ್ಯಾಂಡಿನ ಅಡಿಪಾಯಕ್ಕೆ ಸುರಿಸಿ ಅದುಮಿಸಿದ. ಇಪ್ಪತ್ತೆರಡು ಜನವೂ ಇದ್ದಲ್ಲೇ ಉಳಿದರು, ಇನ್ನಷ್ಟು ಹತ್ತಿರ ಹತ್ತಿರವಾಗಿ. "ಮೊದಲು ಒಂದು ಮೆಟ್ಟಿಲಲ್ಲಿ ಇದ್ಲು, ಈಗ ಇಡೀ ಸ್ಟ್ಯಾಂಡೇ ಅವಳು" ಎಂದು ಓಲ್ಡ್‌ರಾಯ್ಡ್ ಎಲ್ಲರಿಗೂ ಹೇಳಿಕೊಂಡು ಬಂದ. ಸಂಘದವರು ಅವನನ್ನು ಅಧ್ಯಕ್ಷನನ್ನಾಗಿ ಮಾಡಿದರು. ನಾರ್ಮನ್‌ನ ಜೊತೆ ಮಾತಾಡುವುದನ್ನು ಊರು ಬಿಟ್ಟಿತು. ಮಾಂಸದಂಗಡಿಯವನು ಅವನ ಸರದಿ ಬಂದಾಗಲೆಲ್ಲ ಕತ್ತಿ ಮಸೆಯಲು ಒಳಗೆ ಹೋಗುತ್ತಿದ್ದ.

ನಾರ್ಮನ್ ಇದನ್ನೆಲ್ಲ ಸಹಿಸಿದ. ಅಣ್ಣ ಇದ್ದಾನಲ್ಲ, ಅದೂ ಇಡಿಯಾಗಿ.

ಹೊಸ ಸ್ಟ್ಯಾಂಡಿನ ಮೊದಲ ಪಂದ್ಯಕ್ಕೆ ಎರಡು ವಾರವಿರುವಾಗ ಗೇಟಿನ ಮೇಲೆ ಸೂಚನೆ ಅಂಟಿಸಿದರು. ಆರನೇ ದರ್ಜೆಗೆ ಏರಬೇಕಾದರೆ ಅಲ್ಲಿನ ನಿಯಮದಂತೆ ಎರಡೂ ಕಡೆಯ ಬೆಂಬಲಿಗರು ಬೇರೆ ಬೇರೆ ಇರಬೇಕು. ವಿರಾಮದಲ್ಲಿ ತುದಿ ಬದಲಿಸುವಂತಿಲ್ಲ. ನಡುವೆ ಕಬ್ಬಿಣದ ಬೇಲಿ. ಕ್ರಾಗ್‌ಡೆನ್‌ನವರಿಗೆ ಹೊಸ ಸ್ಟ್ಯಾಂಡ್. ಗಿರಣಿ ತುದಿ, ಬಂದ ತಂಡದವರಿಗೆ.

ನಾರ್ಮನ್ ಅದನ್ನು ಎರಡು ಸಲ ಓದಿದ. ಮೊದಲ ಪಂದ್ಯ ಯಾರ ಮೇಲೆ ಎನ್ನುವುದನ್ನು ಮೂರನೇ ಸಲ ಓದಿದ. ರಾಮ್ಸ್‌ಲಿ. ಅವರ ಬಣ್ಣ ಹಸಿರು.

"ನಿಮ್ಮಣ್ಣನ್ನ ಒಂದು ಮಾಡಿಕೊಡ್ತೀನಿ ಅಂದಿದ್ದೆ, ಮಾಡ್ಕೊಟ್ಟೆ" ಎಂದ ಬ್ರೇಸ್‌ವೆಲ್, ನಾರ್ಮನ್ ಅವನ ಬಾಗಿಲಿಗೆ ಬಂದಾಗ. "ಪಕ್ಕದಲ್ಲಿ ಯಾರು ನಿಲ್ತಾರೆ ಅಂತ ನೀವು ಕೇಳ್ಲಿಲ್ಲ. ಗೊಂಬೆ ಕೂಡ ತೋರಿಸಿದ್ದೆ."

"ಅವನನ್ನ ಅಲ್ಲಿಂದ ಎತ್ತಿಸಿ ಈ ಕಡೆ ಹಾಕ್ಸಿ."

"ಈ ಕಡೆ ನೆಲ ಸಂಘದ್ದಲ್ವಾ? ಸಂಘದವರು ಹೂಂ ಅಂದ್ರೆ ನಂದೇನೂ ಇಲ್ಲ. ಗರಗಸ ಇನ್ನೂ ಇದೆ."

ನಾರ್ಮನ್ ಸಂಘದ ಸಭೆಗೆ ಹೋಗಿ, ತಾನು ಹದಿನಾರು ವರ್ಷ ಕೂತ ಕುರ್ಚಿಯ ಎದುರು ಟೋಪಿ ಕೈಯಲ್ಲಿ ಹಿಡಿದು ನಿಂತ. ಓಲ್ಡ್‌ರಾಯ್ಡ್ ಕಾಗದಗಳನ್ನು ಜೋಡಿಸುತ್ತಾ ಇದ್ದ.

"ಕೆನೆಲ್ಮ್, ಅಣ್ಣಂಗೆ ರಾಮ್ಸ್‌ಲಿ ಕಂಡ್ರೆ ಆಗ್ತಿರ್ಲಿಲ್ಲ. ನಿಂಗೇ ಗೊತ್ತು. ಆ ಊರಿನ ಮೇಲೆ ಹಾದು ಬರೋ ರೈಲು ಕೂಡ ಹತ್ತುತಿರ್ಲಿಲ್ಲ. ಮದುವೆಗೆ ಹುಡುಗಿ ಒಪ್ಪಿದ್ಮೇಲೆ ಅವಳ ಚಿಕ್ಕಮ್ಮ ರಾಮ್ಸ್‌ಲಿಯೋಳು ಅಂತ ಗೊತ್ತಾಗಿ ಮದುವೇನೇ ಬಿಟ್ಟ."

"ಗೊತ್ತಿಲ್ದೆ ಏನು" ಎಂದ ಓಲ್ಡ್‌ರಾಯ್ಡ್. ಕಾಗದದ ಅಂಚುಗಳನ್ನು ಮೇಜಿಗೆ ಕುಟ್ಟಿ ಸರಿಮಾಡಿದ. "ಎಡ್ನಾಗೂ ಫುಟ್‌ಬಾಲ್ ಇಷ್ಟ ಇರ್ಲಿಲ್ಲ."

ಮತಕ್ಕೆ ಹಾಕಿದರು. ಪರವಾಗಿ ಒಂದು ಕೈ ಎದ್ದಿತು. ಅದು ಯಾರದೆಂದು ಬರೆದುಕೊಳ್ಳುವ ಅಗತ್ಯ ಬೀಳಲಿಲ್ಲ.

ಪಂದ್ಯದ ದಿನ ನಾರ್ಮನ್ ಬೆಳಿಗ್ಗೆಯಿಂದ ಮನೆಯಲ್ಲೇ ಕೂತಿದ್ದ. ಹೋಗಬಾರದೆಂದು ನಿಶ್ಚಯಿಸಿದ್ದ. ಎರಡು ಗಂಟೆಗೆ, ಅಣ್ಣ ಅಲ್ಲಿ ಒಬ್ಬನೇ, ಸುತ್ತ ರಾಮ್ಸ್‌ಲಿಯವರ ಬೂಟುಗಳು ಎನ್ನುವುದು ಕಣ್ಣ ಮುಂದೆ ಬಂತು. ಎರಡೂಕಾಲಿಗೆ ಕೋಟು ಹಾಕಿದ. ಗಿರಣಿ ತುದಿಯ ಗೇಟಿನಲ್ಲಿ ಕಾವಲಿನವನು ಅವನ ಕಡುಗೆಂಪು ಮಫ್ಲರ್ ನೋಡಿ ಆಗದೆಂದು ತಲೆಯಾಡಿಸಿದ. ನಾರ್ಮನ್ ಅದನ್ನು ಬಿಚ್ಚಿ ಪ್ಯಾಂಟಿನ ಒಳಗೆ ತುರುಕಿಕೊಂಡು, ರಸ್ತೆಯಲ್ಲಿ ಮಾರುತ್ತಿದ್ದವನ ಹತ್ತಿರ ಹಸಿರು ಮಫ್ಲರ್ ಕೊಂಡು, ಕೊರಳಿಗೆ ಸುತ್ತಿ ಒಳಗೆ ಹೋದ. ಆ ಉಣ್ಣೆ ಕಚ್ಚುತ್ತಿತ್ತು. ಉಣ್ಣೆಯೇ ಅಂಥದ್ದಿರಬಹುದು.

ಇನ್ನೂರು ಜನ ಇದ್ದರು. ಒಂಬತ್ತನೇ ಮೆಟ್ಟಿಲಿನಲ್ಲಿ, ಫಲಕದ ಪಕ್ಕ, ಕಡಾಯಿಯಂಥ ಹೊಟ್ಟೆಯವನೊಬ್ಬ ಮಾಂಸದ ಪೈ ತಿನ್ನುತ್ತಿದ್ದ. ನಾರ್ಮನ್‌ಗೆ ಜಾಗ ಬಿಟ್ಟು, ಪೈಯನ್ನು ಎರಡು ಮಾಡಿ ಒಂದು ತುಂಡು ಅವನ ಕೈಗಿಟ್ಟ. ಎಷ್ಟೋ ತಿಂಗಳುಗಳಲ್ಲಿ ಅವನಿಗೆ ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು.

"ತಗೋ ಅಜ್ಜ, ಚಳಿ ಇದೆ. ಎಷ್ಟು ವರ್ಷದಿಂದ ಬರ್ತಿದೀಯ?"

"ತುಂಬಾ ವರ್ಷ" ಎಂದ ನಾರ್ಮನ್.

ಅಷ್ಟರಲ್ಲಿ ಇನ್ನೊಬ್ಬ, ಕೆಂಪು ಮೂಗಿನವನು, ಬೂಟಿನ ತುದಿಯಿಂದ ಫಲಕ ಒರೆಸಿದ. "ಯಾರೋ ಇವ್ನು, ಆಲ್ಬನ್ ಥ್ವೇಟ್? ಕ್ರಾಗ್‌ಡೆನ್‌ನ ಹಂದಿ ಯಾವುದೋ ಇರ್ಬೇಕು. ತಡಿ, ಮೂರು ಲೋಟ ಬಿಯರ್ ಆಗಿದೆ, ಬಾತ್‌ರೂಮಿಗೆ ಬೇರೆ ಕ್ಯೂ. ಇಲ್ಲೇ ಮುಗಿಸಿಬಿಡ್ತೀನಿ." ಅವನ ಕೈ ಆಗಲೇ ಪ್ಯಾಂಟಿನ ಜಿಪ್ಪಿಗೆ ಹೋಗಿತ್ತು. ಸುತ್ತಲಿದ್ದವರು ನಗುತ್ತಾ ಜಾಗ ಬಿಟ್ಟರು.

"ನಿಮ್ಮೋನು" ಎಂದ ನಾರ್ಮನ್.

ಕೆಂಪು ಮೂಗು ತಿರುಗಿತು. "ಏನಂದೆ?"

"ನಮ್ಮೋನು. ರಾಮ್ಸ್‌ಲಿಯೋನು. ಈ ಊರಲ್ಲೇ ಇದ್ದ, ಆದ್ರೆ ಪ್ರಾಣ ಎಲ್ಲ ರಾಮ್ಸ್‌ಲಿ. ಇವರ ಮಧ್ಯೆ ಒಬ್ನೇ ಹಸಿರು ಹಾಕ್ಕೊಂಡು ನಿಲ್ತಿದ್ದ. ಇದೇ ಮೆಟ್ಟಿಲಲ್ಲಿ ಸತ್ತ. ಇವರಿಗೆ ಪೆನಾಲ್ಟಿ ಸಿಕ್ತು, ಆ ಸಂಕಟಕ್ಕೇ ಸತ್ತ."

ಜಿಪ್ಪು ಮೇಲೇರಿತು. ಕಡಾಯಿ ಹೊಟ್ಟೆಯವನು ಟೋಪಿ ತೆಗೆದ. ಅವನ ಕಣ್ಣಲ್ಲಿ ನೀರು ಬಂದಿತ್ತು.

"ಆಮೇಲೆ? ಗೋಲಾಯ್ತಾ?"

"ಇಲ್ಲ. ಕಾಲುವೆಗೆ ಹೋಯ್ತು."

"ಅದನ್ನ ನೋಡೋಕಿರ್ಬೇಕಿತ್ತು ಪಾಪ" ಎಂದು ಅವನು ತನ್ನ ಮಫ್ಲರ್ ಬಿಚ್ಚಿ ಆಲ್ಬನ್‌ನ ಮುಂದಿನ ಕಂಬಿಗೆ ಕಟ್ಟಿದ. ಕೆಂಪು ಮೂಗಿನವನು ಮಂಡಿಯೂರಿ, ತನ್ನ ತೋಳಿನಿಂದಲೇ ಹಿತ್ತಾಳೆ ಉಜ್ಜಿದ. ಸುದ್ದಿ ಮೆಟ್ಟಿಲಿಂದ ಮೆಟ್ಟಿಲಿಗೆ ಹತ್ತಿತು. ಸ್ವಲ್ಪ ಹೊತ್ತಿನಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಹಾಡು ಕಟ್ಟಿದರು:

"ಒಬ್ನೇ ಇದ್ದ ಆಲ್ಬನ್ ಥ್ವೇಟು,
ಹಂದಿಗಳ ಊರಲ್ಲಿ ಹಸಿರು ಕೋಟು."

ಇನ್ನೂರು ಗಂಟಲು ಅದನ್ನು ಹಿಡಿದವು. ಎದುರಿನ ಹೊಸ ಸ್ಟ್ಯಾಂಡಿನಲ್ಲಿ ಎಂಟುನೂರು ಜನ ಕುರ್ಚಿಯಲ್ಲಿ ಕೂತು, ತಮ್ಮೂರಿನ ಆಲ್ಬನ್‌ನ ಹೆಸರನ್ನು ರಾಮ್ಸ್‌ಲಿಯವರ ಬಾಯಲ್ಲಿ ಕೇಳುತ್ತಿದ್ದರು. ಹಸಿರು ಮಫ್ಲರಿನ ಮುದುಕ ಯಾರೆಂದು ಮೊದಲು ಗುರುತಿಸಿದ್ದು ಓಲ್ಡ್‌ರಾಯ್ಡ್. ನಲವತ್ತು ವರ್ಷ ಪಕ್ಕದಲ್ಲಿ ನಿಂತ ಭುಜವನ್ನು ನೂರು ಗಜದಿಂದಲೂ ಗುರುತಿಸಬಹುದು. ಅವನು ಎದ್ದು ನಿಂತು, ಬೆರಳು ತೋರಿಸಿ, ಪಕ್ಕದವರಿಗೆ ಏನೋ ಹೇಳಿದ. ಸಾಲು ಸಾಲಾಗಿ ಬೆರಳುಗಳು ಎದ್ದವು.

"ಹಾಡು ಅಜ್ಜ, ನಾಚ್ಕೋಬೇಡ" ಎಂದು ಕಡಾಯಿ ಹೊಟ್ಟೆಯವನು ಅವನ ಬೆನ್ನು ತಟ್ಟಿದ. ಕೆಂಪು ಮೂಗಿನವನು ಅವನನ್ನೇ ನೋಡುತ್ತಿದ್ದ. ನಾರ್ಮನ್ ಹಾಡಿದ. ಎರಡನೇ ಸುತ್ತಿಗೆ ಇನ್ನೂ ಜೋರಾಗಿ ಹಾಡಿದ.

ಮೊದಲರ್ಧ ಮುಗಿದ ಸಿಳ್ಳೆ ಕೇಳಿದ ಕೂಡಲೇ ಅವನ ಕಾಲುಗಳು ತಮ್ಮಷ್ಟಕ್ಕೆ ಹೊರಟವು. ಮೆಟ್ಟಿಲಿಳಿದು, ಮೈದಾನದ ಅಂಚಿನಲ್ಲಿ ಆ ತುದಿಯ ಕಡೆಗೆ ಇಪ್ಪತ್ತು ಹೆಜ್ಜೆ ನಡೆದ ಮೇಲೆ ಕಬ್ಬಿಣದ ಬೇಲಿ ಎದೆಗೆ ತಾಗಿತು. "ಎಲ್ಲಿಗ್ರೀ?" ಎಂದ ಕಾವಲಿನವನು. ನಾರ್ಮನ್ ಬೇಲಿಯಿಂದ ಕೈ ತೆಗೆದ. ಆ ತುದಿಯಲ್ಲಿ ಅವನಿಗೆ ಯಾರೂ ಉಳಿದಿರಲಿಲ್ಲ, ಸತ್ತವರೂ.

ಹಿಂದಿರುಗಿ ಮ್ಯೂರಿಯಲ್‌ಳ ಗೂಡಿನ ಮುಂದೆ ಕ್ಯೂನಲ್ಲಿ ನಿಂತ. ಅವಳು ಅವನ ಮಫ್ಲರ್ ನೋಡಿದಳು, ಮುಖ ನೋಡಲಿಲ್ಲ. ಲೋಟಕ್ಕೆ ಚಹಾ ಸುರಿದು ಮುಂದೆ ತಳ್ಳಿದಳು.

"ಸಕ್ಕರೆ, ಮ್ಯೂರಿಯಲ್. ಎರಡು ಚಮಚ. ನಿಂಗೆ ಗೊತ್ತಲ್ಲ."

"ಸಕ್ಕರೆ ನಮ್ಮೋರಿಗೆ ಮಾತ್ರ ಚಿನ್ನ" ಎಂದಳು ಮ್ಯೂರಿಯಲ್. "ಮುಂದಿನವ್ರು ಬನ್ನಿ, ಚಿನ್ನ."

ಅವನು ಲೋಟ ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಒಂಬತ್ತನೆಯದರಲ್ಲಿ ಅವನ ಜಾಗವನ್ನು ಹಾಗೇ ಬಿಟ್ಟಿದ್ದರು. ಕಂಬಿಯ ಮೇಲೆ ಈಗ ಹಸಿರು ಮಫ್ಲರುಗಳು ಏಳಾಗಿದ್ದವು. ಅಣ್ಣ ನೋಡದೆ ಬಿಡುವವನಲ್ಲ, ಇನ್ನೂ ಅರ್ಧ ಆಟ ಬಾಕಿ ಇತ್ತು.